ಎಡಗೈ ಕೆಳಗೆ

ಮೈಸೂರು
4 ಆಗಸ್ಟ್ 2024

ಅಪ್ಪಾಜಿಯವರಿಗೆ ಕೋಮಲಳ ನಮಸ್ಕಾರ. ಅವ್ವನಿಗೂ ಹೇಳಿ.

ಫೋನಿನಲ್ಲಿ ನಾನು ಎರಡನೆಯ ಮಾತಿಗೆ ಬಾಯಿ ತೆರೆಯುವಷ್ಟರಲ್ಲಿ ನೀವು ಇಟ್ಟುಬಿಡುತ್ತೀರಿ. ಕಾಗದವನ್ನು ಅರ್ಧಕ್ಕೆ ಇಟ್ಟರೂ ಮತ್ತೆ ಎತ್ತಿಕೊಂಡು ಓದಬಹುದು. ಅದಕ್ಕೇ ಬರೆಯುತ್ತಿದ್ದೇನೆ.

ನೀವು ಕೇಳಿದ ಹಾಗೆ ಪಟರನ್ನು ವಾಪಸ್ ಕಳಿಸಿದ್ದೇನೆ. ಯಳಂದೂರಿನ ಮೇಲೆ ಕೊಳ್ಳೇಗಾಲಕ್ಕೆ ಹೋಗುವ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟಿದ್ದೇನೆ. ಬಸ್ ಸ್ಟ್ಯಾಂಡಿನಲ್ಲಿ ಇಳಿಸಿಕೊಳ್ಳಿ. "ಕೈ ಬದ್ಲಾಯಿಸೋದಾದ್ರೆ ನಾ ಕೊಟ್ಟ ಕೋಲ ನಂಗೇ ಕಳ್ಸು" ಎಂದಿರಿ. ಕೈ ಬದಲಾಯಿಸುವುದು ಖಂಡಿತ. ಆದ್ದರಿಂದ ಕಳಿಸಿದೆ.

ಅವ್ವನಿಗೆ ಓದಿ ಹೇಳುವಾಗ ಅರ್ಥವಾಗಲಿ ಎಂದು ಮೊದಲಿನಿಂದ ಹೇಳುತ್ತೇನೆ. ಗಾಲ್ಫಿನಲ್ಲಿ ಕುಳಿಯ ಸುತ್ತ ನುಣ್ಣಗೆ ಕತ್ತರಿಸಿದ ಹುಲ್ಲಿರುತ್ತದೆ, ಅದೇ ಗ್ರೀನು. ಚೆಂಡು ಅಲ್ಲಿಗೆ ಬಂದ ಮೇಲೆ ಬೀಸಿ ಹೊಡೆಯುವುದಿಲ್ಲ, ಪಟರ್ ಎಂಬ ಚಪ್ಪಟೆ ಮೂತಿಯ ಕೋಲಿನಿಂದ ಮೆಲ್ಲಗೆ ಕುಳಿಗೆ ತಳ್ಳುತ್ತೇವೆ, ಅದಕ್ಕೆ ಪಟ್ ಎನ್ನುತ್ತಾರೆ. ಬಲಗೈಯವರು ಕೋಲಿನ ಮೇಲುಗಡೆ ಎಡಗೈ, ಕೆಳಗಡೆ ಬಲಗೈ ಹಿಡಿಯುವುದು ರೂಢಿ. ನೀವು ಕಲಿಸಿದ್ದೂ ಹಾಗೇ. ಹೋದ ವರ್ಷದಿಂದ, ಕುಳಿ ಒಂದು ಮಾರು ದೂರದಲ್ಲಿದ್ದಾಗ, ಯಾರು ಬೇಕಾದರೂ ಹಾಕಬಹುದಾದ ಜಾಗದಿಂದ, ನನ್ನ ಬಲಗೈ ಅದುರುತ್ತದೆ. ಅನ್ನ ಕಲಸುವಾಗ ಅದುರುವುದಿಲ್ಲ, ಬರೆಯುವಾಗ ಅದುರುವುದಿಲ್ಲ. ಡಾಕ್ಟರು ನೋಡಿ ಕೈಯಲ್ಲಿ ಏನೂ ದೋಷವಿಲ್ಲ ಎಂದರು. ಇದು ಅನೇಕ ಆಟಗಾರರಿಗೆ ಬರುತ್ತದಂತೆ, ಕೆಲವರಿಗೆ ಹೋಗುವುದೇ ಇಲ್ಲವಂತೆ.

ಕೋಚ್ ಶಾಂತಮೂರ್ತಿ ಸರ್ ಹೇಳಿದ ದಾರಿ ಇದು. ಎಡಗೈ ಕೆಳಗೆ, ಬಲಗೈ ಮೇಲೆ. ಆಗ ದಾರಿ ತೋರಿಸುವುದು ಎಡಗೈ, ಬಲಗೈ ಸುಮ್ಮನೆ ಜೊತೆಗೆ ಬರುತ್ತದೆ, ಚೇಷ್ಟೆ ಮಾಡಲು ಅದಕ್ಕೆ ಜಾಗವಿರುವುದಿಲ್ಲ.

ಜನವರಿಯಲ್ಲಿ ಬೆಂಗಳೂರಿನಲ್ಲಿ ಅರ್ಹತಾ ಸುತ್ತು ಇದೆ. ಅದರಲ್ಲಿ ಆಯ್ಕೆಯಾದರೆ ವರ್ಷವಿಡೀ ಟೂರ್ನಮೆಂಟುಗಳಲ್ಲಿ ಆಡಬಹುದು, ಇಲ್ಲದಿದ್ದರೆ ಇಲ್ಲ. ಹೋದ ಸಲ ಆಗಲಿಲ್ಲ. ಈ ಸಲವೂ ಆಗದಿದ್ದರೆ ಮಕ್ಕಳಿಗೆ ಕಲಿಸುವ ಕೆಲಸ ಕೊಡುತ್ತೇವೆ ಎಂದು ಕ್ಲಬ್ಬಿನವರು ಹೇಳಿದ್ದಾರೆ. ಕೆಟ್ಟ ಕೆಲಸವೇನಲ್ಲ. ಆದರೆ ನನಗೆ ಆಡಬೇಕು ಅಪ್ಪಾಜಿ. ನನಗೆ ಬೇಕಾಗಿರುವುದು ಅದೊಂದೇ.

ನಿಮ್ಮ ಮಗಳು
ಕೋಮಲ


ಯಳಂದೂರು
11 ಆಗಸ್ಟ್ 2024

ಕೋಮಲಳಿಗೆ ನಿಮ್ಮಪ್ಪನ ಆಶೀರ್ವಾದ.

ಕೋಲು ಬಂತು. ಬಾಳೆಕಾಯಿ ಮೂಟೆಗಳ ಸಂದಿಯಲ್ಲಿ ಮಲಗಿತ್ತು. ಇಳಿಸಿಕೊಡುವಾಗ ಕಂಡಕ್ಟರು ಇದು ನಾಯಿ ಓಡಿಸುವುದಕ್ಕೋ, ಇನ್ನೇನಕ್ಕೋ ಎಂದು ಕೇಳಿದ. ಮಗಳು ಆಡುವ ಸಾಮಾನು ಎಂದೆ. ಹಾಗಾದರೆ ಅದು ಅವಳ ಹತ್ತಿರ ತಾನೇ ಇರಬೇಕಾಗಿದ್ದು ಎಂದ. ಬಸ್ಸು ಹೊರಟಿದ್ದರಿಂದ ಬಚಾವಾದೆ.

ಒಂದು ಮಾತು ಹೇಳುತ್ತೇನೆ. ನಾನು ಕೇಳಿದ್ದು ಕೋಪದಲ್ಲಿ. ನೀನು ಕಳಿಸಿದ್ದು ರಟ್ಟು ಸುತ್ತಿ, ದಾರ ಬಿಗಿದು, ದುಂಡಗೆ ವಿಳಾಸ ಬರೆದು. ಕೋಪದ ಮಾತಿಗೆ ಅಷ್ಟು ಅಚ್ಚುಕಟ್ಟು ಬೇಕಾಗಿರಲಿಲ್ಲ.

ನಾನು ಆ ಕ್ಲಬ್ಬಿನಲ್ಲಿ ಮಾಲಿಯಾಗಿ, ಗ್ರೀನುಗಳ ಹುಲ್ಲು ಕತ್ತರಿಸುತ್ತಲೇ ತಲೆ ನರೆಸಿಕೊಂಡವನು. ಮೆಂಬರುಗಳು ಮನೆಗೆ ಹೋದ ಮೇಲೆ ನಿನ್ನನ್ನು ಪ್ರಾಕ್ಟೀಸ್ ಗ್ರೀನಿನಲ್ಲಿ ನಿಲ್ಲಿಸಿ, ನಿನ್ನ ಕೈಗಳ ಮೇಲೆ ನನ್ನ ಕೈ ಇಟ್ಟು ಹಿಡಿತ ಕೂರಿಸಿದವನು ನಾನು. ಆಮೇಲೆ ದೊಡ್ಡ ಏಟುಗಳನ್ನೆಲ್ಲ ದೊಡ್ಡ ಕೋಚುಗಳು ಕಲಿಸಿದರು, ನಾನು ದೂರದಲ್ಲಿ ಮಿಷನ್ ತಳ್ಳಿಕೊಂಡು ನೋಡುತ್ತಿದ್ದೆ. ನನಗೇನೂ ಬೇಸರವಿರಲಿಲ್ಲ. ಪಟಿಂಗ್ ಒಂದು ನನ್ನದಾಗಿತ್ತು. ಈಗ ಅದನ್ನೂ ಶಾಂತಮೂರ್ತಿ ತೆಗೆದು ಪಕ್ಕಕ್ಕಿಟ್ಟಿದ್ದಾನೆ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಹಿಡಿತದಲ್ಲಿ ಏನಿದೆ? ಅದುರುವುದು ನಿನ್ನ ಕೈಯಲ್ಲ, ಮನಸ್ಸು. ಮನಸ್ಸನ್ನು ಗಟ್ಟಿ ಮಾಡಿಕೋ, ಕೈ ತಾನಾಗಿ ನಿಲ್ಲುತ್ತದೆ.

ಇಲ್ಲಿ ನಾನು ರಿಟೈರಾಗಿ ಬಂದ ಮೇಲೆ ಹಾಕಿದ ಲಾನ್ ಹುಲ್ಲು ಚೆನ್ನಾಗಿದೆ. ಕೊಳ್ಳೇಗಾಲದ ಕಲ್ಯಾಣ ಮಂಟಪದವರು ಮುಂದಿನ ಅಂಗಳಕ್ಕೆ ಹಾಸಲು ಒಂದು ಲೋಡು ಒಯ್ದರು. ಒಡೆಯರಪಾಳ್ಯದ ಟಿಬೆಟಿನವರು ಗುಡಿಯ ಮುಂದಕ್ಕೆ ಬೇಕೆಂದು ನೋಡಿಕೊಂಡು ಹೋಗಿದ್ದಾರೆ. ಭತ್ತ ಬೆಳೆಯುವ ಗದ್ದೆಯಲ್ಲಿ ದನವೂ ತಿನ್ನದ ಹುಲ್ಲು ಬೆಳೆಯುತ್ತಾನೆ ಎಂದು ಊರವರು ನಗುವುದು ಇನ್ನೂ ನಿಂತಿಲ್ಲ. ಕಾಡುಹಂದಿಗಳು ಬಂದು ಒಂದು ಮೂಲೆ ಉತ್ತುಬಿಟ್ಟಿವೆ.

ನಿಮ್ಮಪ್ಪ
ಪುಟ್ಟಮಾದಪ್ಪ


ಮೈಸೂರು
15 ಸೆಪ್ಟೆಂಬರ್ 2024

ಅಪ್ಪಾಜಿಯವರಿಗೆ ನಮಸ್ಕಾರ.

ಉತ್ತರ ತಡವಾಯಿತು. ಕೊಯಮತ್ತೂರಿನಲ್ಲಿ ಒಂದು ಸಣ್ಣ ಟೂರ್ನಮೆಂಟಿಗೆ ಹೋಗಿದ್ದೆ. ಎರಡನೆಯ ದಿನವೇ ಹೊರಬಿದ್ದು ವಾಪಸ್ ಬಂದೆ. ಹೊಸ ಹಿಡಿತದಲ್ಲಿ ಹತ್ತಿರದ ಪಟ್‌ಗಳು ಪರವಾಗಿಲ್ಲ, ಆದರೆ ದೂರದವೆಲ್ಲ ಅರ್ಧ ದಾರಿಯಲ್ಲೇ ನಿಂತುಬಿಡುತ್ತವೆ. ಎಷ್ಟು ಜೋರಾಗಿ ತಳ್ಳಬೇಕು ಎನ್ನುವುದು ಎಡಗೈಗೆ ಇನ್ನೂ ಗೊತ್ತಿಲ್ಲ. ಜೊತೆಯ ಹುಡುಗಿಯೊಬ್ಬಳು ನೀನು ಚೆಂಡು ತಳ್ಳುತ್ತಿದ್ದೀಯೋ, ಕಸ ಗುಡಿಸುತ್ತಿದ್ದೀಯೋ ಎಂದಳು. ಎರಡೂ ಎಂದೆ. ಶಾಂತಮೂರ್ತಿ ಸರ್ ದಿನವೂ ಬೆಳಿಗ್ಗೆ ಬರೀ ಎಡಗೈಯಲ್ಲಿ ತಳ್ಳಿಸುತ್ತಾರೆ. ಬಲಗೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲಬೇಕು.

ಮನಸ್ಸು ಅದುರುವುದು, ಕೈಯಲ್ಲ ಎಂದು ಬರೆದಿದ್ದೀರಿ. ಇರಬಹುದು. ಆದರೆ ಮನಸ್ಸಿಗೆ ಹಿಡಿ ಇಲ್ಲ, ಕೋಲಿಗೆ ಇದೆ. ಅದಕ್ಕೇ ನಾನು ಅಲ್ಲಿಂದ ಶುರು ಮಾಡಿದ್ದೇನೆ.

ಇನ್ನೊಂದು ವಿಷಯ. ನನಗೆ ಹಿಡಿತ ಕಲಿಸಿದ್ದು ನೀವು, ಸರಿ. ಆದರೆ ಮೊದಲು ನಾನಾಗಿ ಕೋಲು ಎತ್ತಿಕೊಂಡಾಗ ಹೇಗೆ ಹಿಡಿಯುತ್ತಿದ್ದೆ ಎಂದು ನಿಮಗೆ ನೆನಪಿರಬೇಕು. ಎಡಗೈ ಕೆಳಗೇ ಇತ್ತು. ನೀವೂ ಅದನ್ನು ನೋಡಿ ಸುಮ್ಮನಿದ್ದಿರಿ. ಆ ಬೇಸಿಗೆಯಲ್ಲಿ ಅಜ್ಜಿ ಊರಿಂದ ನಮ್ಮ ಕ್ಲಬ್ಬಿನ ಕ್ವಾರ್ಟರ್ಸಿಗೆ ಬಂದರು. ಹುಲ್ಲಿನ ಪಕ್ಕದಲ್ಲಿ ಕೂತು ನನ್ನ ಆಟ ನೋಡುತ್ತಿದ್ದವರು, "ಲಿಂಗ ಹಿಡಿಯೋ ಕೈನ ಕೆಳುಕ್ಕಾಕ್ಬುಟ್ಟು ಏನವ್ವ ಆಡಿಯೆ? ಆ ಕೈ ಯಾವಾಗ್ಲೂ ಮ್ಯಾಲೇ ಇರಬೇಕು" ಎಂದರು. ನೀವು ಅವತ್ತು ಸಂಜೆಯೇ ನನ್ನ ಕೈ ತಿರುಗಿಸಿದಿರಿ. ಆಮೇಲೆ ಗಾಲ್ಫ್ ಪುಸ್ತಕದಲ್ಲೂ ಅದೇ ಹಿಡಿತ ಇದ್ದದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ. ಕ್ಲಬ್ಬಿನ ಮೆಂಬರುಗಳು ಎಷ್ಟು ಶಾಸ್ತ್ರೋಕ್ತವಾಗಿ ಕಲಿಸಿದ್ದೀಯ ಪುಟ್ಟಮಾದಪ್ಪ ಎಂದು ಹೊಗಳಿದರು. ಶಾಸ್ತ್ರ ನಮ್ಮ ಅಜ್ಜಿ ದೊಡ್ಡಬಸಮ್ಮನವರದು ಎಂದು ಅವರಿಗೆ ಹೇಗೆ ಗೊತ್ತಾಗಬೇಕು?

ಹಾಗಾಗಿ ನಾನು ಬಿಡುತ್ತಿರುವುದು ಅಜ್ಜಿಯ ಹಿಡಿತ, ನಿಮ್ಮದಲ್ಲ. ಹಾಗೆಂದುಕೊಂಡರೆ ನಿಮಗೆ ಸಮಾಧಾನವಾಗಬಹುದು.

ಕೋಮಲ


ಯಳಂದೂರು
22 ಸೆಪ್ಟೆಂಬರ್ 2024

ಕೋಮಲಳಿಗೆ.

ಕಾಗದ ತಲುಪಿತು. ನಿಮ್ಮಜ್ಜಿ ಹೇಳಿದ್ದು ನಿಜ, ನಾನು ತಿರುಗಿಸಿದ್ದೂ ನಿಜ. ಅವ್ವನ ಮಾತನ್ನು ಅವ್ವನ ಎದುರಿಗೆ ಮೀರಿದವನಲ್ಲ ನಾನು. ಅವರು ಹೋಗಿ ಎಷ್ಟೋ ವರ್ಷವಾಯಿತು. ಈಗ ಅವರ ಹೆಸರೆತ್ತಿ ನಗುವುದು ಬೇಡ.

ನಿನ್ನ ಇಷ್ಟದಂತೆ ಆಡು. ಹುಲ್ಲಿಗೆ ನೀರು ಕಟ್ಟಬೇಕು, ಹೊರಡುತ್ತೇನೆ.

ಪುಟ್ಟಮಾದಪ್ಪ


ಯಳಂದೂರು
13 ಅಕ್ಟೋಬರ್ 2024

ಕೋಮಲ, ನಾನು ಪಕ್ಕದ ಮನೆಯ ಕವಿತ. ನಿಮ್ಮವ್ವ ಹೇಳುವುದನ್ನು ಹೇಳಿದ ಹಾಗೇ ಬರೆಯುತ್ತಿದ್ದೇನೆ. ಒಂದಕ್ಷರ ತಿದ್ದಕೂಡದು ಎಂದು ಅಪ್ಪಣೆಯಾಗಿದೆ.

ಕೋಮಲಾ, ನಿಮ್ಮಪ್ಪಂಗೆ ಗೊತ್ತಿಲ್ದಂಗೆ ಬರುಸ್ತಾ ಇವ್ನಿ. ಅವ್ರು ಕೊಳ್ಳೇಗಾಲ್ಕೆ ಓಗವ್ರೆ. ನಿನ್ನ ಕಾಗ್ದ ಓದಿದ ದಿಸ ಊಟುಕ್ಕೆ ಕೂತೋರು ಎದ್ಬುಟ್ರು. ಅಜ್ಜಿ ಮಾತ ಯಾಕೆ ಎತ್ತಿದೆ ಅಂತ ನಾ ಕೇಳಲ್ಲ. ನಡೆದುದ್ನೇ ತಾನೆ ಬರೆದಿರದು. ಆದ್ರೂ ಆ ಮನ್ಸ ನಿಂಗೆ ಅಂತ ಕೊಟ್ಟಿದ್ದು ಅದೊಂದೇ ಇತ್ತು ಕಣವ್ವ. ಅದ್ನೂ ನಿಮ್ದಲ್ಲ ಅಂದ್ಬುಟ್ರೆ ಒಟ್ಟೆ ಉರಿಯಲ್ವಾ?

ಈಗ ಒಂದು ಸಮಾಚಾರ ಕೇಳು, ನಗಬ್ಯಾಡ. ದಿನಾ ಸಾಯಂಕಾಲ ಆ ಕೋಲ ತಕಂಡು ಹುಲ್ಲಿನ ಮಡಿಗೆ ಓಯ್ತಾರೆ. ಒಂದು ತುಂಡು ಜಾಗ ನುಣ್ಣುಗೆ ಕತ್ತರ್ಸವ್ರೆ, ಅಲ್ಲೊಂದು ಕುಳಿ ತೋಡವ್ರೆ. ಯಾಕ್ರಿ ಅಂದ್ರೆ, ಗಿರಾಕಿಗಳ್ಗೆ ತೋರ್ಸಕ್ಕೆ ಅಂದ್ರು. ಮೊನ್ನೆ ನಾ ಬಾಳೆ ಮರೇಲಿ ನಿಂತ್ಕಂಡು ನೋಡ್ದೆ. ಎಡಗೈ ಕೆಳುಗ್ ಮಾಡ್ಕಂಡು ತಳ್ತಾವ್ರೆ! ನಾ ಕೆಮ್ಮುದ್ನೋ ಇಲ್ವೋ, ತಟ್ಟಂತ ಕೈ ಮೊದ್ಲಿನಂಗೆ ಮಾಡ್ಕಂಡು, ಕಳೆ ನೋಡ್ತಾ ಇವ್ನಿ ಅಂದ್ರು. ಕೋಲಲ್ಲಿ ಕಳೆ ನೋಡಿದ್ನ ನಾ ಎಲ್ಲೂ ಕಾಣೆ.

ಇನ್ನೊಂದು ಮಾತು. ಲಿಂಗ ಹಿಡಿಯೋ ಕೈ ಕೆಳುಕ್ಕೆ ಬರಬಾರ್ದು ಅಂತ ಅತ್ತೆ ಅಂದ್ರು. ದೊಡ್ಡೋರು, ಅಂದ್ರು. ನಾನೂ ದಿನಾ ಬೆಳುಗ್ಗೆ ಎಡಗೈ ಮ್ಯಾಲೆ ಲಿಂಗ ಇಟ್ಕಂಡು ಕೂತ್ಕತೀನಿ. ಆಚೆ ಎಷ್ಟೇ ಗಲಾಟೆ ಇರ್ಲಿ, ಆ ಕೈ ಅಲ್ಲಾಡಲ್ಲ. ಊವ ಏರ್ಸದು, ಗಂಟೆ ಆಡ್ಸದು, ನೊಣ ಓಡ್ಸದು, ಎಲ್ಲ ಬಲಗೈದೇ ಸಡಗರ. ಅಲ್ಲಾಡ್ದೆ ಇರೋ ಕೈಗೇ ಕೆಲ್ಸ ಒಪ್ಪುಸ್ತೀನಿ ಅಂತ ನೀ ಅಂದ್ರೆ ಅದ್ರಲ್ಲಿ ತಪ್ಪೇನೈತೆ? ಶಿವ ಅದ್ಕೆಲ್ಲ ಮುನಿಸ್ಕಳಲ್ಲ ಬುಡು.

ನಾ ಬರ್ಸಿದ್ದು ಅವ್ರಿಗೆ ಗೊತ್ತಾಗ್ಬಾರ್ದು. ಒಟ್ಟೆ ತುಂಬ ಉಣ್ಣು.

ನಿಮ್ಮವ್ವ ಚನ್ನಾಜಮ್ಮ
(ಬರೆದವಳು ಕವಿತ. ನಾನು ನಕ್ಕೆ, ಕ್ಷಮಿಸಿ.)


ಮೈಸೂರು
24 ನವೆಂಬರ್ 2024

ಅಪ್ಪಾಜಿಯವರಿಗೆ ನಮಸ್ಕಾರ.

ಹೋದ ಕಾಗದದಲ್ಲಿ ನಾನು ಬರೆದದ್ದು ಹೆಚ್ಚಾಯಿತು. ಸಮಾಧಾನ ಮಾಡುವಂತೆ ಬರೆದು ಚುಚ್ಚಿದೆ. ನಿಮ್ಮ ಮಗಳೇ ಅಲ್ಲವೇ.

ಈಗ ಆಟ ಒಂದು ಹದಕ್ಕೆ ಬಂದಿದೆ. ಹತ್ತಿರದ ಪಟ್‌ಗಳ ಮುಂದೆ ನಿಂತಾಗ ಎದೆ ಹೊಡೆದುಕೊಳ್ಳುತ್ತದೆ, ಆದರೆ ಕೈ ಅದುರುವುದಿಲ್ಲ. ಮೊದಮೊದಲು ಇದು ಬೇರೆ ಯಾರದೋ ಕೈ ಎನಿಸುತ್ತಿತ್ತು. ಈಗ ಅಷ್ಟು ಅನಿಸುವುದಿಲ್ಲ. ದೂರದ್ದು ಮಾತ್ರ ಇನ್ನೂ ಕಷ್ಟ. ಕ್ಲಬ್ಬಿನ ಪಂದ್ಯದಲ್ಲಿ ಎರಡನೆಯ ಸ್ಥಾನ ಬಂತು. ಅದೇನು ದೊಡ್ಡದಲ್ಲ, ಆದರೆ ಕೊನೆಯ ಗ್ರೀನಿನಲ್ಲಿ ಒಂದು ಮಾರಿನ ಪಟ್ ಇತ್ತು, ಅದು ಒಳಗೆ ಹೋಯಿತು. ಆ ಸದ್ದು ಕೇಳಿ ಒಂದು ವರ್ಷದ ಮೇಲಾಗಿತ್ತು ಎನಿಸಿತು. ಟಾಯ್ಲೆಟ್ಟಿಗೆ ಹೋಗಿ ಅತ್ತೆ, ಖುಷಿಯಿಂದ.

ಅರ್ಹತಾ ಸುತ್ತು ಸಂಕ್ರಾಂತಿಯ ಮರುದಿನದಿಂದ, ಮೂರು ದಿನ. ಒಂದು ಮಾತು ಕೇಳಿಕೊಳ್ಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ನೀವು ಬರಬೇಡಿ. ನೀವು ಇಲ್ಲಿಯವರೆಗೆ ನಾನು ಪಂದ್ಯ ಆಡುವುದನ್ನು ಕೆಲಸದ ನಡುವೆ ದೂರದಿಂದ ನೋಡಿದ್ದೀರಿ, ಹತ್ತಿರ ನಿಂತು ನೋಡಿಲ್ಲ. ಈ ಸಲ ಬರಬೇಕೆನಿಸಬಹುದು. ಆದರೆ ಹೊಸ ಹಿಡಿತವನ್ನು ನಿಮ್ಮ ಮುಂದೆ ಹಿಡಿಯಲು ನನ್ನಿಂದ ಆಗುತ್ತದೋ ಇಲ್ಲವೋ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಅವತ್ತು ಪರೀಕ್ಷೆ ಮಾಡಲು ಇಷ್ಟವಿಲ್ಲ.

ಕೋಮಲ


ಯಳಂದೂರು
15 ಡಿಸೆಂಬರ್ 2024

ಕೋಮಲಳಿಗೆ ಆಶೀರ್ವಾದ.

ಕೋಲನ್ನು ಅದೇ ಬಸ್ಸಿನಲ್ಲಿ ಕಳಿಸಿದ್ದೇನೆ. ಮನೆಯಲ್ಲಿ ಕಾಲಿಗೆ ಅಡ್ಡ ಸಿಗುತ್ತದೆ ಎಂದು ನಿಮ್ಮವ್ವ ಗೊಣಗುತ್ತಿದ್ದಳು. ಹಿಡಿ ಸವೆದಿತ್ತು. ಕೊಳ್ಳೇಗಾಲದಲ್ಲಿ ಗಾಲ್ಫ್ ಸಾಮಾನು ಯಾರು ಮಾರುತ್ತಾರೆ? ಕ್ರಿಕೆಟ್ ಬ್ಯಾಟಿನ ರಬ್ಬರು ಹಾಕಿಸಿದೆ. ಬೇಡವಾದರೆ ಕಿತ್ತುಹಾಕು.

ದೂರದ ಪಟ್ ಅರ್ಧಕ್ಕೆ ನಿಲ್ಲುತ್ತದೆ ಎಂದೆಯಲ್ಲ. ಎಡಗೈ ಕೆಳಗಿದ್ದರೆ ಎಡಹೆಗಲು ತಾನಾಗಿ ಇಳಿದು ಬಲಹೆಗಲಿನ ಸಮಕ್ಕೆ ಬರುತ್ತದೆ. ಅದು ಒಳ್ಳೆಯದೇ. ಆದರೆ ಮಣಿಕಟ್ಟಿನಿಂದ ತಳ್ಳಿದರೆ ಚೆಂಡು ಹೋಗುವುದಿಲ್ಲ. ಎರಡೂ ಹೆಗಲನ್ನು ಒಟ್ಟಿಗೆ ತೂಗಬೇಕು, ತೊಟ್ಟಿಲು ತೂಗಿದ ಹಾಗೆ. ಕೋಲನ್ನು ಹಿಂದಕ್ಕೆ ಸ್ವಲ್ಪ ಹೆಚ್ಚು ಒಯ್ಯಬೇಕು. ಇದು ಯಾರೋ ಹೇಳಿದ್ದು, ಎಲ್ಲೋ ಕೇಳಿದ್ದು. ಶಾಂತಮೂರ್ತಿ ಬೇಡ ಎಂದರೆ ಬಿಡು.

ನಾನು ಬರುವುದಿಲ್ಲ. ಬರಬೇಡಿ ಎಂದು ನೀನು ಹೇಳಬೇಕಾಗಿಯೂ ಇರಲಿಲ್ಲ. ಆ ವಾರ ಹನೂರಿನಲ್ಲಿ ಒಬ್ಬರ ತೋಟದ ಮನೆಗೆ ಹುಲ್ಲು ಹಾಸುವ ಕೆಲಸ ಒಪ್ಪಿಕೊಂಡಿದ್ದೇನೆ. ಆಳುಗಳು ಕೌದಳ್ಳಿಯಿಂದ ಬರುತ್ತಾರೆ, ನಾನು ನಿಲ್ಲದಿದ್ದರೆ ಬೇರು ಮೇಲೆ ಮಾಡಿ ಹಾಸಿಬಿಡುತ್ತಾರೆ.

ಚೆನ್ನಾಗಿ ಆಡು. ಬೆಟ್ಟದ ಮಾದಪ್ಪ ಕೈ ಬಿಡುವುದಿಲ್ಲ.

ನಿಮ್ಮಪ್ಪ
ಪುಟ್ಟಮಾದಪ್ಪ


ಮೈಸೂರು
19 ಜನವರಿ 2025

ಅಪ್ಪಾಜಿಯವರಿಗೆ ನಮಸ್ಕಾರ.

ಆಯ್ಕೆಯಾಗಲಿಲ್ಲ. ಒಂದೇ ಏಟಿನಿಂದ ತಪ್ಪಿತು. ಫೋನಿನಲ್ಲಿ ಅವ್ವನಿಗೆ ಹೇಳಿದ್ದೇನೆ, ವಿವರ ಹೇಳಿಲ್ಲ.

ಮೊದಲ ಎರಡು ದಿನ ಚೆನ್ನಾಗಿತ್ತು. ದೂರದ ಪಟ್‌ಗೆ ಹೆಗಲು ತೂಗಿ ನೋಡಿದೆ, ಉಪಯೋಗವಾಯಿತು. ಆ ಯಾರಿಗೋ ನನ್ನ ವಂದನೆ ತಿಳಿಸಿ. ಮೂರನೆಯ ದಿನ ಮಧ್ಯೆ ಎರಡು ಏಟು ಕಳೆದುಕೊಂಡೆ, ಆಮೇಲೆ ಸಂಪಾದಿಸಿಕೊಂಡೆ. ಕೊನೆಯ ಗ್ರೀನಿಗೆ ಬರುವಾಗ ಲೆಕ್ಕ ಎಲ್ಲರಿಗೂ ಗೊತ್ತಿತ್ತು. ಚೆಂಡು ಕುಳಿಯಿಂದ ಒಂದು ಮಾರು ದೂರ ನಿಂತಿತ್ತು. ಹಾಕಿದರೆ ಒಳಗೆ, ಇಲ್ಲದಿದ್ದರೆ ಹೊರಗೆ. ಕೈ ಅದುರಿತು. ಚೆಂಡು ಕುಳಿಯ ಎಡ ಅಂಚನ್ನು ಸವರಿಕೊಂಡು ಆಚೆ ಹೋಗಿ ನಿಂತಿತು.

ಮೂರು ದಿನದಲ್ಲಿ ನಾನು ತಪ್ಪಿಸಿದ ಹತ್ತಿರದ ಪಟ್ ಅದೊಂದೇ. ಶಾಂತಮೂರ್ತಿ ಸರ್ ಮೈಸೂರಿನಿಂದ ಫೋನ್ ಮಾಡಿ ಏನಾಯಿತು ಎಂದು ಕೇಳಿದರು. ಗೊತ್ತಿಲ್ಲ ಎಂದೆ. ನೀವು ಕೇಳಬೇಡಿ.

ಕ್ಲಬ್ಬಿನವರು ಫೆಬ್ರವರಿಯಿಂದ ಮಕ್ಕಳ ತರಗತಿ ತೆಗೆದುಕೊಳ್ಳಲು ಹೇಳಿದ್ದಾರೆ. ಯೋಚಿಸಿ ತಿಳಿಸುತ್ತೇನೆ ಎಂದಿದ್ದೇನೆ.

ಹನೂರಿನ ಹುಲ್ಲಿನ ಕೆಲಸ ಚೆನ್ನಾಗಿ ಆಯಿತೇ?

ಕೋಮಲ


ಯಳಂದೂರು
25 ಜನವರಿ 2025

ಕೋಮಲಾ,

ಹನೂರಿಗೆ ನಾನು ಹೋಗಿರಲಿಲ್ಲ. ನಿನಗೆ ಗೊತ್ತು. ಗೊತ್ತಿದ್ದೇ ಕೇಳಿದ್ದೀಯ.

ನಿಮ್ಮವ್ವನಿಗೂ ಹನೂರು ಎಂದೇ ಹೇಳಿ, ಕೊಳ್ಳೇಗಾಲದಿಂದ ಬೆಂಗಳೂರಿನ ಬಸ್ಸು ಹತ್ತಿದೆ. ಆ ಕೋರ್ಸಿನಲ್ಲಿ ಹುಲ್ಲು ನೋಡಿಕೊಳ್ಳುವ ಮಾರಯ್ಯ ನನ್ನ ಹಳೆಯ ಜೊತೆಗಾರ. ಅವನ ಹಿಂದೆ ಮಾಲಿಗಳ ಗೇಟಿನಿಂದ ಒಳಗೆ ಹೋದೆ. ಅವನದೇ ಒಂದು ಟೋಪಿ ಹಾಕಿಕೊಂಡು, ಹಣೆಯವರೆಗೂ ಎಳೆದುಕೊಂಡು, ಕೈಯಲ್ಲೊಂದು ಪೊರಕೆ ಹಿಡಿದುಕೊಂಡೆ. ಪೊರಕೆ ಹಿಡಿದವನ ಮುಖವನ್ನು ಕ್ಲಬ್ಬಿನಲ್ಲಿ ಯಾರೂ ನೋಡುವುದಿಲ್ಲ, ಇದು ನನ್ನ ಸರ್ವೀಸಿನ ಅನುಭವ. ಕೊನೆಯ ದಿನ ಪೂರ್ತಿ ನಿನ್ನ ಹಿಂದೆಯೇ ಮರದಿಂದ ಮರಕ್ಕೆ ಬಂದೆ. ನೀನು ನೋಡಲಿಲ್ಲ.

ಎಂಥ ಆಟ ಆಡಿದೆಯವ್ವ! ಎಡಗೈ ಕೆಳಗಿಟ್ಟು ನೀನು ನಿಂತರೆ ಕೋಲು ನಿನ್ನ ಮೈಯಿಂದಲೇ ಬೆಳೆದ ಹಾಗಿತ್ತು. ಒಂದೊಂದು ಚೆಂಡು ಕುಳಿಗೆ ಬೀಳುವಾಗಲೂ ನನಗೆ ಹೆಮ್ಮೆಯಾಯಿತು, ಅದರ ಜೊತೆಗೇ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ಶಾಂತಮೂರ್ತಿ ಕಲಿಸಿದ್ದಲ್ಲವೇ ಎಂದು. ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತಿದ್ದೇನೆ.

ಕೊನೆಯ ಗ್ರೀನಿನಲ್ಲಿ ಉಳಿದ ಹುಡುಗಿಯರ ಅಪ್ಪ ಅಮ್ಮಂದಿರೆಲ್ಲ ಮುಂದೆ ಬಂದು ನಿಂತರು. ನನಗೂ ತಡೆಯಲಾಗಲಿಲ್ಲ, ಅವರ ಪಕ್ಕಕ್ಕೆ ಬಂದೆ. ನೀನು ಚೆಂಡಿನ ಮೇಲೆ ಬಗ್ಗಿದೆ. ಅಷ್ಟು ಹೊತ್ತಿಗೆ ನನಗೆ ಗುಡಿಯೊಳಗೆ ನಿಂತ ಹಾಗೆ ಆಗಿಬಿಟ್ಟಿತ್ತು. ಗುಡಿಯಲ್ಲಿ ತಲೆಯ ಮೇಲೆ ಬಟ್ಟೆ ಇಟ್ಟುಕೊಂಡು ನಿಲ್ಲುವವನೇ ನಾನು? ಟೋಪಿ ತೆಗೆದು ಎದೆಗೆ ಹಿಡಿದುಕೊಂಡೆ. ತೆಗೆದದ್ದು ನನಗೇ ತಿಳಿಯಲಿಲ್ಲ.

ನೀನು ಒಮ್ಮೆ ತಲೆ ಎತ್ತಿ ಕುಳಿಯ ಕಡೆ ನೋಡಿದೆ. ಕುಳಿಯ ಆಚೆಗೆ ನಾನಿದ್ದೆ.

ನಿನ್ನ ಮುಖ ಬದಲಾಗಲಿಲ್ಲ. ಕೈ ಬದಲಾಯಿತು. ಎಡಗೈ ಮೇಲಕ್ಕೆ ಬಂತು, ಬಲಗೈ ಕೆಳಕ್ಕೆ ಹೋಯಿತು, ನಾನು ಕೂರಿಸಿದ ಹಾಗೇ, ಬೆರಳು ಬೆರಳೂ ಸರಿಯಾಗಿ. ಬೇಡ ಕಣವ್ವ ಎಂದು ಕೂಗಬೇಕು ಎನಿಸಿತು. ಆಟಗಾರರು ಪಟ್ ಮಾಡುವಾಗ ಉಸಿರೂ ಬಿಡಬಾರದು ಎಂದು ಆಯುಷ್ಯವಿಡೀ ಕಲಿತ ಬಾಯಿ ಇದು. ತೆರೆಯಲಿಲ್ಲ. ಚೆಂಡು ಹೋಯಿತು.

ಮಾರಯ್ಯನಿಗೆ ಟೋಪಿ ಕೊಟ್ಟು, ನಿನ್ನನ್ನು ಮಾತಾಡಿಸದೆ ಬಂದುಬಿಟ್ಟೆ. ಬಸ್ಸಿನಲ್ಲಿ ಮಳವಳ್ಳಿ ಬರುವವರೆಗೂ ಅಳುತ್ತಿದ್ದೆ. ಪಕ್ಕದವನು ಯಾರಾದರೂ ತೀರಿಕೊಂಡರೇ ಎಂದು ಕೇಳಿದ. ನೀನು ಬರಬೇಡಿ ಎಂದು ಬಾಯಿ ಬಿಟ್ಟು ಕೇಳಿಕೊಂಡಿದ್ದೆ. ಆದರೂ ಬಂದೆ. ನಿನ್ನ ಒಂದು ವರ್ಷ ನನ್ನಿಂದ ಹೋಯಿತು.

ಇನ್ನು ಮೇಲೆ ನಿನ್ನ ಆಟದ ಹತ್ತಿರ ನಾನು ಸುಳಿಯುವುದಿಲ್ಲ. ಹಿಡಿತದ ಮಾತನ್ನೂ ಎತ್ತುವುದಿಲ್ಲ. ಗದ್ದೆಯಲ್ಲಿ ಗಿರಾಕಿಗಳಿಗೆ ತೋರಿಸಲು ಕತ್ತರಿಸಿದ್ದ ಒಂದು ಜಾಗವಿತ್ತು. ಅದಕ್ಕೆ ಕುಂಟೆ ಹೊಡೆಸಿ ಬೇರೇನಾದರೂ ಹಾಕುತ್ತೇನೆ. ಅಪ್ಪನಾಗಿ ಅಷ್ಟಾದರೂ ಮಾಡಬೇಕು.

ಪುಟ್ಟಮಾದಪ್ಪ


ಮೈಸೂರು
2 ಫೆಬ್ರವರಿ 2025

ಅಪ್ಪಾಜಿ,

ಕುಂಟೆ ಹೊಡೆಸಬೇಡಿ. ಈ ಕಾಗದ ತಲುಪುವಷ್ಟರಲ್ಲಿ ಹೊಡೆಸಿಬಿಟ್ಟೀರಿ ಎಂದು ಅವ್ವನಿಗೆ ಫೋನ್ ಮಾಡಿಯೂ ಹೇಳಿದ್ದೇನೆ. ಎತ್ತಿನ ಮುಂದೆ ಬೇಕಾದರೆ ತಾನೇ ಮಲಗುತ್ತೇನೆ ಎಂದು ಅವ್ವ ಮಾತು ಕೊಟ್ಟಿದ್ದಾರೆ.

ನೀವು ಬಂದಿರಿ ಎಂದು ಎರಡು ದಿನ ನನಗೆ ಕೋಪವಿತ್ತು. ಹೋದ ಕಾಗದ ಬರೆಯುವಾಗಲೂ ಇತ್ತು. ಈಗ ಇಲ್ಲ. ನಡೆದದ್ದನ್ನು ನಾನು ಹಲವು ಸಲ ಮನಸ್ಸಿನಲ್ಲಿ ಓಡಿಸಿ ನೋಡಿದ್ದೇನೆ. ಅವತ್ತು ನಿಮ್ಮನ್ನು ಕಂಡು ನಾನು ಹೆದರಲಿಲ್ಲ. ಹಳೆಯ ಹಿಡಿತವೇ ಸರಿ ಎಂದೂ ಅನಿಸಲಿಲ್ಲ. ಯೋಚನೆಯನ್ನೇ ಮಾಡಲಿಲ್ಲ. ನೀವು ಪಂಚೆ ಮಡಿಚಿ ಕಟ್ಟಿಕೊಂಡು ಬದುವಿನ ಮೇಲೆ ಹೋಗುವಾಗ ಎದುರಿಗೆ ಯಾರಾದರೂ ಹಿರಿಯರು ಬಂದರೆ ನಿಮ್ಮ ಕೈ ತಾನಾಗಿ ಹೋಗಿ ಪಂಚೆಯನ್ನು ಕೆಳಗಿಳಿಸುತ್ತದಲ್ಲ, ಹಾಗೆ ಆಯಿತು. ಇಳಿಸಬೇಕೋ ಬೇಡವೋ ಎಂದು ನೀವು ಯಾವತ್ತಾದರೂ ಯೋಚಿಸಿದ್ದೀರಾ? ನನ್ನ ಕೈಯೂ ಯೋಚಿಸಲಿಲ್ಲ.

ಅದರಲ್ಲಿ ತಪ್ಪು ನಿಮ್ಮದು ಎಷ್ಟು, ನನ್ನದು ಎಷ್ಟು ಎಂದು ಹಂಚಲು ನನಗೆ ಬರುವುದಿಲ್ಲ. ಒಂದು ವರ್ಷ ಹೋಯಿತು, ಅಷ್ಟು ನಿಜ. ನನಗೆ ತುಂಬಾ ನೋವಾಗಿದೆ, ಅದೂ ನಿಜ.

ಮಕ್ಕಳ ತರಗತಿ ಒಪ್ಪಿಕೊಂಡೆ, ಡಿಸೆಂಬರ್‌ವರೆಗೆ ಮಾತ್ರ. ಮುಂದಿನ ಜನವರಿಯಲ್ಲಿ ಮತ್ತೆ ಅರ್ಹತಾ ಸುತ್ತು ಆಡುತ್ತೇನೆ. ನೀವು ಹತ್ತಿರ ಸುಳಿಯುವುದಿಲ್ಲ ಎಂದು ಬರೆದಿದ್ದೀರಿ. ಅದರಿಂದ ಏನೂ ಉಪಯೋಗವಿಲ್ಲ ಅಪ್ಪಾಜಿ. ನೀವು ಯಳಂದೂರಿನಲ್ಲೇ ಇದ್ದರೂ, ಕೊನೆಯ ಗ್ರೀನಿಗೆ ಬಂದಾಗ ಯಾವುದೋ ಮರದ ಹಿಂದೆ ನೀವಿದ್ದೀರೇನೋ ಎಂದು ನಾನು ತಲೆ ಎತ್ತಿ ಹುಡುಕುತ್ತೇನೆ. ನನ್ನ ಬುದ್ಧಿ ನನಗೆ ಗೊತ್ತು.

ಶಿವರಾತ್ರಿಗೆ ಊರಿಗೆ ಬರುತ್ತೇನೆ. ಒಂದು ವಾರ ಇರುತ್ತೇನೆ. ಆ ನುಣ್ಣಗೆ ಕತ್ತರಿಸಿದ ಜಾಗದಲ್ಲಿ ನೀವು ಕುಳಿಯ ಆಚೆ ನಿಲ್ಲಬೇಕು, ನನ್ನ ಎದುರಿಗೆ, ನನ್ನನ್ನೇ ನೋಡುತ್ತ. ನಾನು ಎಡಗೈ ಕೆಳಗಿಟ್ಟು ಹಿಡಿಯುತ್ತೇನೆ. ಕೈ ಮತ್ತೆ ಮತ್ತೆ ತಿರುಗಿಬಿಡುತ್ತದೆ. ತಿರುಗಿದಾಗಲೆಲ್ಲ ನೀವು ಬೈಯಬೇಕು. ನಿಮ್ಮ ಎದುರಿಗೆ ನಿಂತು ನಿಮ್ಮನ್ನು ಮೀರುವುದನ್ನು ನಾನು ಕಲಿಯಬೇಕು. ಶಾಂತಮೂರ್ತಿ ಸರ್ ಅದನ್ನು ಕಲಿಸಲಾರರು. ನೀವೇ ಕಲಿಸಬೇಕು.

ನಿಮ್ಮ ಮಗಳು
ಕೋಮಲ